ಒಂಬತ್ತೇ ಸ್ವರ

ಮೀನಿನ ಕಾರ್ಖಾನೆಯಲ್ಲಿ ನನ್ನ ಕೈ ಓಡುತ್ತದೆ.
ನಿಮಿಷಕ್ಕೆ ಎಂಟು ಕ್ಯಾಟ್‌ಫಿಶ್.
ಕಿವಿರಿನಿಂದ ಬಾಲದವರೆಗೆ ಒಂದೇ ಗೀರು,
ಮುಳ್ಳು ಅತ್ತ, ಮಾಂಸ ಇತ್ತ.
ಸೂಪರ್‌ವೈಸರ್ ಗಡಿಯಾರ ಹಿಡಿದು ನೆತ್ತಿಯ ಮೇಲೆ ನಿಂತರೂ
ಕೈ ನನ್ನನ್ನೊಂದು ಮಾತು ಕೇಳದೆ ಓಡುತ್ತದೆ.

ಅದೇ ಕೈ, ಶನಿವಾರ ಸಂಜೆ,
ಬೆಲ್ಜೋನಿಯ ರೈಲುಹಳಿಯಾಚೆ
ಓಥಾ ಪ್ಲೆಜೆಂಟ್ ಮಾವನ ಟೈರಿನ ಶೆಡ್ಡಿನಲ್ಲಿ
ಗಿಟಾರಿನ ಐದನೇ ಮೆಟ್ಟಿಲಿಗೆ ಬಂದರೆ
ಐಸಿನಿಂದ ಈಗಷ್ಟೇ ಎತ್ತಿದ ಮೀನು.

ಮಾವನದೊಂದು ಲಿಕ್ ಇತ್ತು.
ಹನ್ನೆರಡು ಬಾರಿನ ಸುತ್ತು, ಒಂಬತ್ತು ದಾಟಿ
ಹತ್ತಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಬಿಡುತ್ತಿದ್ದ:
ತಗಡಿನ ಮಾಡಿನ ಮೇಲೆ ಬಟಾಣಿ ಸುರಿದ ಹಾಗೆ.
ಹನ್ನೊಂದು ಸ್ವರ ಅಂದರು ಕೆಲವರು,
ಹದಿಮೂರೇ ಸೈ ಅಂದ ಗ್ರೀನ್‌ವುಡ್ಡಿನ ಡ್ರಮ್ಮರ್ ಲೂಶಸ್.
ಮೆಂಫಿಸ್ಸಿನಿಂದ ಬಂದವನೊಬ್ಬ ಟೇಪಿಗೆ ಹಿಡಿದು
ಅರ್ಧ ವೇಗದಲ್ಲಿ ತಿರುಗಿಸಿ ಕೇಳಿದ;
ಹಳೇ ಟ್ರ್ಯಾಕ್ಟರ್ ಗೊರಗುಟ್ಟಿತಂತೆ, ಅಷ್ಟೇ.
ಆ ಜಾಗ ಬಂದಾಗ ಮಾವ
ಇಸ್ಪೀಟಿನ ಎಲೆ ಎದೆಗೊತ್ತಿಕೊಳ್ಳುವವನ ಹಾಗೆ
ಸ್ವಲ್ಪವೇ ಗೋಡೆಯ ಕಡೆ ಹೊರಳುತ್ತಿದ್ದ.

ನಾನು ಕರೆಂಟು ಬಿಲ್ಲಿನ ಬೆನ್ನಿಗೆ
ಹನ್ನೊಂದು ಅಂಕಿ ಬರೆದುಕೊಂಡೆ.
ಮೆಟ್ರೋನೋಮನ್ನು ಅರವತ್ತಕ್ಕಿಟ್ಟೆ. ಬಂತು.
ಎಪ್ಪತ್ತೆರಡು. ಬಂತು, ಕುಂಟುತ್ತ.
ತೊಂಬತ್ತರಲ್ಲಿ ಏಳನೆಯದರ ಮೇಲೆ ಎಂಟನೆಯದು ಬಿದ್ದು
ಹಿಂದಿನವೆಲ್ಲ ಅದರ ಮೇಲೆ ಬಿದ್ದು—
ಪಕ್ಕದ ಕೋಣೆಯಿಂದ ಮೊಮ್ಮಗಳು ಗೋಡೆ ಗುದ್ದಿದಳು,
"ಅಜ್ಜೀ, ಅದು ಸತ್ತುಹೋಯ್ತು, ಬಿಡು."
ಬೆರಳ ತುದಿ ಒಡೆದು, ಒಣಗಿ, ಗಟ್ಟಿಯಾಗುವಷ್ಟರಲ್ಲಿ ಸೋಮವಾರ.
ಒದ್ದೆ ಗ್ಲೌಸಿನೊಳಗೆ ಎಂಟು ಗಂಟೆ ನೆಂದು
ಗಳಿಸಿದ ಚರ್ಮವೆಲ್ಲ ನೀರುಪಾಲು.
ಹೀಗೆ ಎರಡು ವರ್ಷ.

ಈ ವಯಸ್ಸಲ್ಲಿ ಯಾಕೆ ಬೇಕು ಅಂದಳು
ಲೈನಿನಲ್ಲಿ ಪಕ್ಕ ನಿಲ್ಲುವ ಯುಡೋರಾ.
ಬೇಗ ಮಾಡುವ ಕೆಲಸಗಳಲ್ಲಿ ಒಂದಾದರೂ
ನನ್ನದಾಗಿರಲಿ ಅಂತ, ಅನ್ನಬಹುದಿತ್ತು.
ಬೆಲ್ಟಿನ ಸದ್ದಿಗೆ ಕೇಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಮಾವನಿಗೆ ಲಕ್ವ ಹೊಡೆಯಿತು.
ಎಡಗೈ.
ಜಾಕ್ಸನ್ನಿನ ಆಸ್ಪತ್ರೆಯಲ್ಲಿ
ಬಟ್ಟೆ ಕ್ಲಿಪ್ಪು ಒತ್ತಲು ಕಲಿಸಿದರು, ಚಮಚ ಹಿಡಿಯಲು ಕಲಿಸಿದರು.
ಮೇ ತಿಂಗಳಲ್ಲಿ ಹೇಳಿಕಳಿಸಿದ: ಬಾ.

ಟೈರುಗಳ ಮೇಲೆ ಕೂತಿದ್ದ, ನನಗೆದುರಾಗಿ,
ಗೋಡೆ ಬೆನ್ನ ಹಿಂದೆ.
ಒಂದು ಸ್ವರ ಒತ್ತಿದ.
ಹೊರಗೆ ಗೊಬ್ಬರದ ಲಾರಿ ಬಂತು, ಹೋಯಿತು,
ಆಮೇಲೆ ಎರಡನೆಯದು.
ಬೆರಳು ತಂತಿ ಹುಡುಕುವುದು ಕಾಣುತ್ತಿತ್ತು.
ಒಂದೇ ಮೀಟು, ಮೂರು ಸ್ವರ:
ಬಲಗೈ ಸುಮ್ಮನೆ ಕೂತಿತ್ತು, ಎಡದ ಬೆರಳೇ
ತಟ್ಟಿ ಒಂದು, ಕಿತ್ತು ಒಂದು.
ನಾನು ನಾಲ್ಕನೆಯದೆಂದು ಬರೆದುಕೊಂಡದ್ದು ಸ್ವರವೇ ಅಲ್ಲ,
ಅಂಗೈ ತಂತಿಗೆ ತಗುಲಿದ 'ಟಕ್'.
ಒಂಬತ್ತನೆಯದೂ ಹಾಗೆಯೇ.
ಏಳಕ್ಕೆ ಮೊದಲು ಬಾಯಿ ಅರೆತೆರೆದು ಉಸಿರೆಳೆದುಕೊಂಡ.
ಇದನ್ನು ಯಾವ ಟೇಪೂ ಹಿಡಿದಿರಲಿಲ್ಲ.
ಎಣಿಸಿದೆ. ಒಂಬತ್ತು. ಒಂಬತ್ತೇ.

"ನೋಡ್ಕೋ," ಅಂದ, ಬಾಯಿಯ ಒಂದೇ ಪಕ್ಕದಿಂದ,
"ಹೊದ್ದಿಸೋಕೆ ನನ್ಹತ್ರ ಇದ್ದದ್ದು ವೇಗ ಒಂದೇ."

ಬೇಸಿಗೆ ಪೂರ್ತಿ ಅವನ ಹಾಗೇ ನುಡಿಸಿದೆ,
ಲಕ್ವದ ವೇಗದಲ್ಲಿ.
ಆಗಸ್ಟಿನ ಒಂದು ಸಂಜೆ ಅದು ತಾನಾಗಿ ಓಡಿತು,
ಬಟಾಣಿ ಸುರಿಯಿತು, ಒಂದೂ ಆಚೆ ಸಿಡಿಯದೆ.
ಮಾವನ ಮುಖ ನೋಡಿದೆ.
ಕೈಯ ಟೈರುಗಪ್ಪು ಒರೆಸುತ್ತ ಅಂದ:
"ಯಾರೋ ಬಾಗಿಲ ಮುಂದೆ ಹೋದಂಗಾಯ್ತು.
ಯಾರು ಅಂತ ಕಾಣಲಿಲ್ಲ. ಇನ್ನೊಂದ್ಸಲ."

ಸೋಮವಾರ. ಬೆಲ್ಟು ಹೊರಟಿತು. ನೀರು, ರಕ್ತ, ಕಿವಿರು.
ಐದು ಮೀನು, ಆರು ಮೀನು.
ಏಳನೆಯದು ಹಲಗೆಗೆ ಬಂದಾಗ
ಚಾಕು ಎತ್ತಿ ಹಿಡಿದು ಒಂದು ಉಸಿರು ಎಳೆದುಕೊಂಡೆ.
ಸೂಪರ್‌ವೈಸರ್ ಗಡಿಯಾರದಿಂದ ತಲೆಯೆತ್ತಿದ.