ಮೂಗುಬೆಚ್ಚ

ಮೊದಲು ಬಂದದ್ದು ಮುರಿದ ಪೈಪು.
ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಿಚ್ಚುವಷ್ಟು ನಾಚಿಕೊಂಡು
ಕರವಸ್ತ್ರದ ಗಂಟು ಬಿಚ್ಚಿದರು ಡೆನ್ಜಿಲ್ ರೊಜಾರಿಯೋ,
ಕಾಕ್ಸ್ ಟೌನಿನವರು, ಗೂಡ್ಸ್ ಗಾಡಿಯ ಗಾರ್ಡಾಗಿದ್ದವರು.
"ಇದಕ್ಕೆ ರಿಪೇರಿ ಇಲ್ಲ, ಹೊಸದು ಮಾಡ್ತೀನಿ" ಅಂದುಬಿಟ್ಟ ಅಪ್ಪ.
ಜೀವನಹಳ್ಳಿ ಗೇಟಿನ ಪಕ್ಕದ ನಮ್ಮ ಶೆಡ್ಡಿನಲ್ಲಿ ಅಲ್ಲಿಯವರೆಗೆ
ಮಂಚದ ಕಾಲು, ತೊಟ್ಟಿಲ ಗುಬ್ಬಿ, ಲಟ್ಟಣಿಗೆ ಬಿಟ್ಟರೆ
ಬೇರೇನೂ ಲೇತಿನ ಮೇಲೆ ಸುತ್ತಿದ್ದಿಲ್ಲ.

ಉದ್ದಕ್ಕೆ ಮರ ಇರಲಿಲ್ಲ.
ಇದ್ದದ್ದೊಂದು ಜಾಲಿ ಬೇರು, ಕೊಡಲಿಯನ್ನೇ ಬೈದು ಕಳಿಸಿದ್ದು,
ಅಳೆದರೆ ಒಂದು ಗೇಣೂ ಬಾರದ್ದು.
ಹಾಗಾಗಿ ಮೋಟು.
ಮೋಟು ಬೀಡಿ ಇರುವ ಊರಲ್ಲಿ
ಮೋಟು ಚಿಲುಮೆ ಯಾಕಿರಬಾರದು?

"ನಮ್ ಕಡೆ ಇದಕ್ಕೆ ಮೂಗು ಬಿಸಿ ಮಾಡೋದು ಅಂತಾರೆ,
ಬೆಂಕಿ ಅಷ್ಟು ಹತ್ರ!" ಸಾರ್ ನಕ್ಕರು.
ನಾನು ಲೆಕ್ಕದ ಪುಸ್ತಕದಲ್ಲಿ ಬರೆದೆ:
ಮೂಗುಬೆಚ್ಚ, ಒಂದು.

ನೀರು ಉಕ್ಕಿದರೂ ಚಿಲುಮೆ, ಹೊಗೆ ಉಕ್ಕಿದರೂ ಚಿಲುಮೆ,
ನಮಗೆ ಒಂದೇ ಮಾತು ಸಾಕು.
ಅವರಿಗೆ ಒಂದೊಂದು ಹೊಟ್ಟೆಗೂ ಒಂದೊಂದು ಹೆಸರು.
ಶನಿವಾರ ಶನಿವಾರ ಬರುತ್ತಿದ್ದರು
ಹಳೇ ಕ್ಯಾಟಲಾಗಿನ ಹರಿದ ಹಾಳೆ ಹಿಡಿದು.
"ಇದು ಬಿಲಿಯರ್ಡ್."
ಅಪ್ಪ ತಲೆ ಓರೆ ಮಾಡಿ ನೋಡಿದ. "ಪಾವು."
"ಇದು ಆಪಲ್."
"ಗುಂಡು ಬದನೆ."
"ನೋ ನೋ, ಇದು ನೋಡು, ಬುಲ್‌ಡಾಗ್!"
"ನಡುವಿಗೆ ಡಾಬು ಕಟ್ಟಿದೆಯಲ್ಲ ಸಾರ್,
ನಾಯಿ ಯಾಕೆ ಅಂತೀರಿ? ಮದುಮಗಳು."
"ಡಬ್ಲಿನ್."
"ಅದೇನು?"
"ಊರು. ಐರ್ಲೆಂಡಲ್ಲಿ."
"ನೀವು ನೋಡಿದ್ದೀರಾ?"
ಸಾರ್ ಸ್ವಲ್ಪ ಹೊತ್ತು ಗೇಟಿನ ಹಳಿ ನೋಡಿದರು.
"ನನ್ನ ಗಾಡಿ ಜೋಲಾರಪೇಟೆ ದಾಟ್ಲಿಲ್ಲ, ಮೇಸ್ತ್ರಿ."
"ಹಾಗಾದ್ರೆ ಇದು ಜೋಲಾರಪೇಟೆ" ಅಂದ ಅಪ್ಪ.
ಈಗಲೂ ಪುಸ್ತಕದಲ್ಲಿದೆ:
ಜೋಲಾರಪೇಟೆ ಎರಡು, ಮದುಮಗಳು ಒಂದು, ಬಾಕಿ ನಲವತ್ತು.

ಅಪ್ಪ ಹೊಗೆ ಕುಡಿದವನಲ್ಲ, ಎಲೆಯಡಿಕೆ ಮಾತ್ರ.
ತೂತು ಕೊರೆದಾದ ಮೇಲೆ ತುದಿಗೆ ಬಾಯಿಟ್ಟು
ಒಮ್ಮೆ ಊದುತ್ತಿದ್ದ.
ಬಟ್ಟಲಿಂದ ಪುಡಿ ಹಾರಬೇಕು.
ಹಾರಿದರೆ ಉಸಿರಿದೆ ಅಂತ. ಆಮೇಲೇ ಹೆಸರು,
ತೊಟ್ಟಿಲ ಮಗುವಿನ ಕಿವಿಯಲ್ಲಿ ಅಂದ ಹಾಗೆ, ಮೆಲ್ಲಗೆ.

ಒಂದು ಬೇಸಿಗೆ ಸಾರ್ ಕೇಳಿದ್ದು
ಯಾವ ಹಾಳೆಯಲ್ಲೂ ಇಲ್ಲದ ಆಕಾರ:
ಅಂಗಿಯ ಕಿಸೆಯಲ್ಲಿ, ಜಪಸರದ ಪಕ್ಕ,
ಅದು ನಿಲ್ಲಬೇಕು, ಮಲಗಬಾರದು.

ಮೊದಲನೆಯದು ಲೇತಿನಲ್ಲೇ ಸೀಳಿತು.
ಎರಡನೆಯದು ಕೊರೆಯುವಾಗ.
ಮೂರನೆಯದು ಎಲ್ಲ ಮುಗಿದು, ಮೇಣ ತಿಕ್ಕಿಸಿಕೊಂಡು,
ಕಿಟಕಿಯಲ್ಲಿ ಹೊಳೆಯುತ್ತ ಕೂತಿದ್ದು
ನಡುರಾತ್ರಿ ಟಪ್ ಅಂದಿತು.
ಅಮ್ಮ ಹಾಸಿಗೆಯಲ್ಲಿ ಎದ್ದು ಕೂತಳು.
ದೀಪ ಹಾಕಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದಳು.

ನಾಲ್ಕನೆಯದನ್ನು ಅಪ್ಪ ಒರೆಸಲೇ ಇಲ್ಲ.
ಲೇತಿನ ಕೆಳಗಿನ ಹೊಟ್ಟಿನ ರಾಶಿಯಲ್ಲಿ ಹೊರಳಿಸಿ ತೆಗೆದ.
ಊದಿದ.
"ಇದಕ್ಕೇನು ಹೆಸ್ರು?" ಸಾರ್ ಪೆನ್ನು ಬಿಚ್ಚಿದರು.
"ತಿಪ್ಪ."
"ಮೀನಿಂಗ್?"
"ತಿಪ್ಪೆ, ಸಾರ್. ಕಸ.
ಕಸಾನ ಯಾರೂ ಎತ್ಕೊಂಡು ಹೋಗಲ್ಲ."
ಅಪ್ಪ ನನ್ನ ಕಡೆ ನೋಡಲಿಲ್ಲ.
ಲೇತಿನ ಬೆಲ್ಟನ್ನು ಸರಿಮಾಡತೊಡಗಿದ,
ಸರಿಯಾಗಿಯೇ ಇದ್ದ ಬೆಲ್ಟನ್ನು.

ರಶೀದಿ ನಾನೇ ಬರೆದೆ.
ಸಾರ್ ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುವವರು,
ಚಿಲುಮೆಯ ಹೆಸರು ಓದಿದರು, ದುಡ್ಡು ಓದಿದರು,
ಕೆಳಗೆ ಸಹಿಗೆ ಬಂದು ನಿಂತರು:
ಎಂ. ತಿಪ್ಪಕ್ಕ.
ಕನ್ನಡಕ ತೆಗೆದು ಅಂಗಿಗೆ ಒರೆಸಿ
ಇನ್ನೊಂದು ಸಲ ಕೂಡಿಸಿದರು.

ಏನೂ ಅನ್ನದೆ ಅದನ್ನು ಕಿಸೆಯಲ್ಲಿ ನಿಲ್ಲಿಸಿ
ಹಳಿ ದಾಟಿದರು.
ಬಂಗಾರಪೇಟೆ ಗಾಡಿ ಅಡ್ಡ ಬಂತು.
ಡಬ್ಬಿ ಡಬ್ಬಿ ಕಳೆದು ಆಚೆ ದಡ ಕಂಡಾಗ
ಸಾರ್ ಇರಲಿಲ್ಲ,
ಅವರ ಮೂಗಿನ ಎತ್ತರಕ್ಕೆ
ಒಂದಿಷ್ಟು ಹೊಗೆ ಇತ್ತು.