ಬೆನ್ನಿನ ಪಾತ್ರ

ಸಿನಿಮಾದವ್ರು ವಿಜಯಪುರಕ್ಕ ಬಂದಾಗ ನನಗ ಹದಿನಾರು.
ಹಾಸ್ಟೆಲ್ಲಿನ ಹುಡುಗ್ಯಾರ್ನ ಸಾಲಾಗಿ ನಿಲ್ಲಿಸಿದ್ರು,
ಮಾರಿ ನೋಡಲಿಲ್ಲ ಯಾರೂ.
ಹಿಂದ ತಿರುಗ್ರಿ, ಅಂದ್ರು.
ತಿರುಗಿದ್ವಿ. ಗ್ವಾಡಿ ಮ್ಯಾಲ ಒಂದು ಹಲ್ಲಿ ಇತ್ತು.
ಬೆನ್ನು ನೋಡಿ, ಮೀನಖಂಡ ನೋಡಿ,
ಈಕಿ ಆಗ್ತಾಳ, ಅಂದ ಟೊಪ್ಪಿಗಿಯಂವ.
ಹೆಸರೇನು?
ದಾನಮ್ಮ, ಅಂದೆ, ಗ್ವಾಡಿಗೆ.

ಕಥಿ ಹೇಳಿದ್ರು:
ಹಳ್ಳಿ ಹುಡುಗಿ, ಸೈಕಲ್ಲು, ಬಡತನ,
ಬಿದ್ದು, ಎದ್ದು, ಕಡೀಕ ಗೆದ್ದು
ತನ್ನ ತಾ ಕಂಡುಕೊಳ್ಳೂದು.
ಕಂಡುಕೊಳ್ಳೂ ಮಾರಿ ಮುಂಬೈಯಿಂದ ಬಂದಿತ್ತು.
ಗುಣ ಛಲೋ. ನನ್ನ ಕೂಡ ಕುಂತು ಮಿರ್ಚಿ ತಿಂತಿದ್ಲು,
ಕಣ್ಣಾಗ ನೀರು ತಂದುಕೊಂಡು ಇನ್ನೊಂದು ಬೇಡತಿದ್ಲು.
ಆದ್ರ ಸೈಕಲ್ ಹತ್ತಬೇಕಂದ್ರ ಇಬ್ಬರು ಹಿಡೀಬೇಕು.
ಮಾರಿ ಆಕಿದು, ಕೈ ಎತ್ತೂದು ಆಕಿದು.
ಬೆನ್ನು, ತೊಡಿ, ಬೆವರು, ಹಿಮ್ಮಡ ನಂದು.
ದಿನಕ್ಕ ಎಂಟುನೂರು ರೂಪಾಯಿ.

ನನ್ನ ಮೊಣಕಾಲ ಮ್ಯಾಲ ಒಂದು ಕಲಿ ಅದ.
ತಿಕೋಟಾ ರಸ್ತೆದಾಗ ಕಬ್ಬಿನ ಟ್ರ್ಯಾಕ್ಟರ್ ತಪ್ಪಸಾಕ ಹೋಗಿ
ಜಲ್ಲಿಕಲ್ಲಿನಾಗ ಉರುಳಿದ್ದು. ಏಳು ಹೊಲಿಗಿ.
ಅದರ ಮ್ಯಾಲ ಬಣ್ಣ ಬಳದು ಮುಚ್ಚಿದ್ರು,
ಆಕಿ ಮೊಣಕಾಲು ನುಣ್ಣಗದ, ಹೊಂದಬೇಕಲ್ಲ, ಅಂತ.
ಮರುದಿನ, ಕಥಿಯೊಳಗ ಆಕಿ ಬಿದ್ದ ಮ್ಯಾಲ,
ಅದ ಜಾಗಾದಾಗ ಸುಳ್ಳು ಗಾಯ ಬರದ್ರು.
ನಾ ನಕ್ಕೆ.
ಅಲ್ಲಾಡಬ್ಯಾಡ, ಅಂತ ಬೈದ ಬಣ್ಣದ ಹುಡುಗ.

ಆ ಬೀಳೂದರದೂ ಒಂದು ಮಾತು.
ಬೀಳು, ಅಂದ್ರು. ಅದೇನು ದೊಡ್ಡದು ಅನ್ಕೊಂಡೆ.
ಬೇಕಂತ ಬೀಳಾಕ ಹ್ವಾದ್ರ
ಕೈ ತಾನ ಹ್ಯಾಂಡಲ್ ತಿದ್ದತದ,
ಸೊಂಟ ತಾನ ಇನ್ನೊಂದು ಕಡಿ ವಾಲತದ.
ಆರು ಸಲ ತಗದ್ರು, ಆರೂ ಸಲ ಉಳದೆ.
ನನ್ನೊಳಗ ಯಾವಾಕಿಯೋ ಕುಂತಾಳ,
ನನ್ನ ಮಾತೂ ಕೇಳಂಗಿಲ್ಲ ಆಕಿ,
ಅಂತ ಅವತ್ತು ಗೊತ್ತಾತು.
ಕಡೀಕ ಖಾಲಿ ಸೈಕಲ್ ತಳ್ಳಿ ಬೀಳಿಸಿಕೊಂಡ್ರು.

ಗೆಲ್ಲೂ ಸೀನು ಸೋಲಾಪುರ ರಸ್ತೆದಾಗ.
ಎರಡೂ ಕಡಿ ಬಿಳಿಜೋಳ, ಎದುರುಗಾಳಿ, ಇಳಿಬಿಸಲು.
ಮೆಹರೂನ್‌ಗ ಹೇಳಿದ್ರು: ನೀ ಸ್ವಲ್ಪ ಸಾವಕಾಶ ಹೊಡಿ.
ಅಣ್ಣಾರ, ನನ್ನ ಕಾಲಿಗೆ ನಾಟಕ ಬರಂಗಿಲ್ಲ, ಅಂದ್ಲು.
ಒಂದು ಸಲ. ಎರಡು ಸಲ. ಮೂರು.
ನಾಯಕಿ ಗೆಲ್ಲಲೇ ಇಲ್ಲ.
ನಾಕನೇ ಸಲಕ್ಕ ಜೀಪಿನ ಮ್ಯಾಲಿಂದ
ಬೆಳಕು ಹೋತು, ಸಾಕು, ಅಂತ ಚೀರಿದ್ರು.
ಕೇಳಿಸ್ತು. ಇಬ್ಬರಿಗೂ ಕೇಳಿಸ್ತು.
ನಿಲ್ಲಲಿಲ್ಲ.

ಜೀಪು ಹಿಂದ ಉಳೀತು. ಡೀಸೆಲ್ ವಾಸನಿ ಹೋಗಿ
ಹಸಿ ದಂಟಿನ ವಾಸನಿ ಬಂತು.
ಆಕಿ ಗಾಲಿಗೆ ಗಾಲಿ ಹಚ್ಚಿ, ಗಾಳಿ ತಪ್ಪಿಸಿ,
ಆಕಿ ಬೆನ್ನ ಮರೀಲಿ ನಾ.
ಎರಡು ವರ್ಷದಿಂದ ಅದ ಬೆನ್ನು.
ಎಡ ಭುಜದ ಹತ್ರ ಅಂಗಿ ಹೊಲಿಗಿ ಬಿಚ್ಚಿದ್ದು,
ಬೆವರು ಯಾವ ದಾರಿ ಹಿಡದು ಇಳೀತದ,
ಎಲ್ಲ ಬಾಯಿಪಾಠ.
ತಿಡಗುಂದಿ ದೀಪ ಕಾಣೂ ಮುಂದ
ಮಗ್ಗಲಕ್ಕ ಸರದು
ಪೂರಾ ಗಾಳಿಗೆ ಎದಿ ಕೊಟ್ಟೆ.

ಗೆರಿ ಎಳದವರು ಇರಲಿಲ್ಲ. ಶಿಳ್ಳೆ ಇರಲಿಲ್ಲ.
ಹುಲ್ಲಿನ ಹೊರಿ ಹೊತ್ತ ಮುದುಕ ಒಬ್ಬ
ನಿಂತು ನೋಡಿ ಮತ್ತ ನಡದ.
ಚಹಾದಂಗಡಿ ಮುಂದ ಕಾಲೂರಿ, ಉಸಿರು ಸಿಕ್ಕ ಮ್ಯಾಲ
ಮೆಹರೂನ್ ಅಂದ್ಲು:
ಅಯ್ಯ, ನಿನ್ನ ಬೆನ್ನು ಇಷ್ಟು ಅಗಲ ಅದ ಏನ?
ನಾ ನೋಡೇ ಇದ್ದಿಲ್ಲ.

ಸಿನಿಮಾ ಬಂದಾಗ ಅವ್ವನ್ನ ಕರಕೊಂಡು ಹೋದೆ.
ದ್ರಾಕ್ಷಿ ಶೆಡ್ಡಿನಿಂದ ಸೀದಾ ಬಂದಿದ್ಲು,
ಬೆರಳಿಗೆಲ್ಲ ಒಣದ್ರಾಕ್ಷಿ ಅಂಟು.
ಯಾವುದು ನಂದು, ಯಾವುದು ಆಕಿದು, ಹೇಳಿರಲಿಲ್ಲ.
ನಾಯಕಿ ಗೆದ್ದು ಕೈ ಎತ್ತಿದಾಗ ಮಂದಿ ಸೀಟಿ ಹೊಡದ್ರು.
ಚಂದ ಅದಾಳ, ಅಂದ್ಲು ಅವ್ವ,
ಆದ್ರ ಮುಂದಿಂದ ನೋಡಿದ್ರ ಸೈಕಲ್ ಬರಂಗಿಲ್ಲ ಇಕಿಗೆ.
ಆಮ್ಯಾಲ ಪರದೆ ತುಂಬ ಬೆನ್ನು.
ಅವ್ವ ಶೇಂಗಾ ಸುಲಿಯೂದು ನಿಲ್ಲಿಸಿದ್ಲು.
ಏನೂ ಅನ್ನಲಿಲ್ಲ.

ಕಡೀಕ ಇರುವಿ ಸಾಲಿನಂಥ ಅಕ್ಷರದಾಗ
ನನ್ನ ಹೆಸರು ಬಂತು, ಧನಮ್ಮ ಅಂತ.
ಓದೂದರಾಗ ದೀಪ ಹತ್ತಿದ್ವು.

ಹೊರಗ ಸೈಕಲ್ ಕೀಲಿ ತಗದೆ.
ಊರಿನ ಟಂಟಂ ತುಂಬಾಕ ಹತ್ತಿತ್ತು.
ಡ್ರೈವರ್ ಬಾಜೂಕ ಜಾಗಾ ಹಿಡದು ಕುಂತು
ನೀ ಮುಂದ ನಡಿ, ಅಂದ್ಲು ಅವ್ವ,
ನಾ ಹಿಂದ ಬರ್ತೀನಿ.