ಹತ್ತರಲ್ಲಿ ಎಷ್ಟು

ಸೊನ್ನೆ ಅಂದರೆ ನೋವಿಲ್ಲ,
ಹತ್ತು ಅಂದರೆ ತಡೆಯಲಾಗದು.
ಪಠ್ಯದಲ್ಲಿ ಅದಕ್ಕೊಂದು ಚಿತ್ರವೂ ಇದೆ:
ನಗುವ ಮುಖದಿಂದ ಅಳುವ ಮುಖದವರೆಗೆ
ಆರು ದುಂಡು ತಲೆಗಳು.
ಒಂದಕ್ಕೂ ಕಿವಿಯಿಲ್ಲ.

ಕೋಲಾರದ ಈ ಹೆಂಗಸರ ವಾರ್ಡಿನಲ್ಲಿ
ನೋವಿಗೆ ನಾಲ್ಕು ಹೆಸರು.
ಮಾಲೂರಿನವರು ನೋವು ಅನ್ನುತ್ತಾರೆ,
ಶ್ರೀನಿವಾಸಪುರದವರಿಗೆ ಅದು ನೊಪ್ಪಿ,
ಕೆಜಿಎಫ್‌ನಿಂದ ಬಂದವರು ವಲಿ ವಲಿ ಎಂದು
ಮಂಚದ ಕಂಬಿ ಹಿಡಿಯುತ್ತಾರೆ,
ಕಿಟಕಿ ಪಕ್ಕದ ಖೈರುನ್ನೀಸಾ ಬೀ
ದರ್ದ್ ಅನ್ನುವ ಮೊದಲೇ ಸೆರಗು ಕಚ್ಚುತ್ತಾಳೆ.
ನನ್ನ ಕೈಯಲ್ಲಿರುವ ಹೊಸ ಟ್ಯಾಬ್
ನಾಲ್ಕನ್ನೂ ಅರಿಯದು. ಅದಕ್ಕೆ ಬೇಕು ಒಂದು ಅಂಕಿ.
ಕೊಡದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ.

ಹದಿನೇಳನೇ ಮಂಚ. ಸೊಣ್ಣಮ್ಮ.
ಟೊಮೇಟೊ ಮಂಡಿಯಲ್ಲಿ ಅಟ್ಟಿ ಕುಸಿದು
ಎಡಗಡೆ ಪಕ್ಕೆಲುಬು ಎರಡು ಮುರಿದಿವೆ.
"ನೊಪ್ಪಿ ಹತ್ತರಲ್ಲಿ ಎಷ್ಟಮ್ಮಾ?"
ಅವಳು ಫ್ಯಾನ್ ನೋಡಿ, ಲೆಕ್ಕ ಹಾಕಿ ಹೇಳಿದಳು:
"ಮೂರು ಬಾಕ್ಸ್."
"ಬಾಕ್ಸಾ?"
"ಹದಿನೈದು ಕೆಜಿದು. ಒಂದರ ಮೇಲೊಂದು ಹೊತ್ಕೊಂಡು
ಲಾರಿ ಹಲಗೆ ಹತ್ತುವಾಗ ಆಗ್ತದಲ್ಲ, ಹಂಗೆ."

ನಾನು ಹಲಗೆ ಹತ್ತಿದವಳಲ್ಲ.
ಏಳು ಎಂದು ಒತ್ತಿದೆ.
"ಏನು ಬರ್ದೆ?"
"ಏಳು."
"ಇನ್ನು ಮೂರು ಯಾರಿಗಿಟ್ಕೊಂಡೆ, ಅಮ್ಮಾಯಿ?"

ರಾತ್ರಿ ಹನ್ನೆರಡು. ನಲವತ್ತು ಮಂಚ,
ಒಬ್ಬ ಸಿಸ್ಟರ್, ಕಲಿಯುವ ನಾವಿಬ್ಬರು.
ಪುಸ್ತಕದಲ್ಲಿ ಆರು ಮಂಚಕ್ಕೊಬ್ಬರು ಎಂದಿದೆ;
ಪರೀಕ್ಷೆಯಲ್ಲಿ ಹಾಗೆಯೇ ಬರೆದು
ಎರಡು ಅಂಕ ತೆಗೆದುಕೊಂಡಿದ್ದೇನೆ.

ಗ್ಲಾಡಿಸ್ ಸಿಸ್ಟರ್‌ಗೆ ಬರುವ ಮೇ ತಿಂಗಳು ನಿವೃತ್ತಿ.
ಗಾಜಿನ ಸಿರಿಂಜು ಕುದಿಸುತ್ತಿದ್ದ ಕಾಲ ಕಂಡವರು,
ರಾತ್ರಿ ಪಾಳಿಯನ್ನು ಕೆಂಪು ಶಾಯಿಯಲ್ಲೇ ಬರೆದವರು.
ಈಗ ಪಾಸ್‌ವರ್ಡನ್ನು ಅಂಗೈ ಮೇಲೆ ಬರೆದುಕೊಂಡು
ಕೈ ತೊಳೆದಾಗಲೆಲ್ಲ ಕಳೆದುಕೊಳ್ಳುತ್ತಾರೆ.
ನಗಬಾರದಿತ್ತು. ನಕ್ಕೆ.
ಅವರೂ ನಕ್ಕು, ಅರೆಗತ್ತಲಲ್ಲಿ ಹಣೆ ಮುಟ್ಟಿ
ಇಪ್ಪತ್ತೆರಡನೇ ಮಂಚದ ಜ್ವರ ಹೇಳಿದರು: ನೂರಾ ಒಂದು.
ಥರ್ಮಾಮೀಟರು ತಡವಾಗಿ ಒಪ್ಪಿಕೊಂಡಿತು.

ಹಾಗೆಂದು ಟ್ಯಾಬನ್ನು ಬೈಯಲಾರೆ.
ಹೋದ ತಿಂಗಳು ಕೊಟ್ಟ ಇಂಜೆಕ್ಷನ್ನನ್ನೇ
ಮತ್ತೆ ಕೊಡಹೊರಟ ಒಂದು ಕೈಯನ್ನು
ಕೆಂಪಗೆ ಮಿನುಗಿ ತಡೆದದ್ದು ಅದೇ.
ಆ ಕೈ ನನ್ನದು.

ಆದರೂ ಸೊಣ್ಣಮ್ಮನ ಮಾತು ಎಲ್ಲಾದರೂ ಉಳಿಯಲೆಂದು
ಕೊನೆಯ ಖಾಲಿ ಚೌಕದಲ್ಲಿ ತುಂಬಿದೆ:
ಮೂರು ಬಾಕ್ಸ್.

ಬೆಳಗಿನ ಪಾಳಿ ಅದನ್ನು ಬೇಡಿಕೆ ಎಂದು ಓದಿತಂತೆ.
ಹನ್ನೆರಡು ದಿನದಿಂದ ಇಲ್ಲ ಇಲ್ಲ ಎನ್ನುತ್ತಿದ್ದ
ಸ್ಟೋರಿನ ನಾರೆಪ್ಪ
ಕೈಗವಸು ಮೂರು ಬಾಕ್ಸ್ ತಂದು ಮೇಜಿನ ಮೇಲಿಟ್ಟು
ಸಹಿ ಕೇಳಿದನಂತೆ.
ಯಾರೂ ಏನೂ ಕೇಳಲಿಲ್ಲ. ಸಹಿ ಹಾಕಿದರು.

ಮರುರಾತ್ರಿ ಹೊಸ ಕೈಗವಸು ತೊಟ್ಟು
ಅವಳನ್ನು ಮೆಲ್ಲಗೆ ಮಗ್ಗುಲಾಗಿಸಿದೆ,
ಬೆನ್ನಿಗೆ ಪೌಡರ್ ಹಾಕಿ ಹಾಸಿಗೆಯ ಸುಕ್ಕು ಎಳೆದೆ.
"ನಿನ್ನ ನೊಪ್ಪಿಯಿಂದ ಬಂದದ್ದಮ್ಮಾ ಇದು."
ಅವಳು ನನ್ನ ರಬ್ಬರಿನ ಬೆರಳು ಹಿಡಿದು
ಹಣ್ಣು ಆರಿಸುವವಳ ಹಾಗೆ
ಒತ್ತಿ ನೋಡಿದಳು, ಮೂಸಿ ನೋಡಿದಳು.
"ಚೆನ್ನಾಗೈತೆ. ಈಗ ಬಿಚ್ಚಿ ಮುಟ್ಟು."

ಟ್ಯಾಬ್ ಮೇಜಿನ ಮೇಲೆ ಕಾಯುತ್ತಿತ್ತು,
ಹತ್ತರಲ್ಲಿ ಎಷ್ಟು, ಹತ್ತರಲ್ಲಿ ಎಷ್ಟು ಎಂದು ಮಿನುಗುತ್ತ.
ಗ್ಲಾಡಿಸ್ ಸಿಸ್ಟರ್ ನಮಗೆ ಬೆನ್ನು ಮಾಡಿ
ಬೀರುವಿನಲ್ಲಿ ಏನನ್ನೋ
ತುಂಬ ಹೊತ್ತು ಹುಡುಕಿದರು.